ಗಾದಿ ಬಿಟ್ಟು ಇಳಿದ ಆರ್ಚ್‌ಬಿಷಪ್

2024ರ ಜುಲೈ 10ರಂದು ಬೆಂಗಳೂರಿನಲ್ಲಿ 96 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಹೆಸರು ಅಲ್ಫೋನ್ಸಸ್ ಮಥಾಯಸ್. 1986ರಿಂದ 1998ರವರೆಗೆ ಬೆಂಗಳೂರಿನ ಕೆಥೋಲಿಕ್ ಆರ್ಚ್‌ಬಿಷಪ್ ಆಗಿದ್ದವರು. ನಡುವೆ 4 ವರ್ಷ ಇಡೀ ದೇಶದ ಕೆಥೋಲಿಕ್ ಬಿಷಪ್ಪರ ಮಂಡಳಿಗೆ ಅಧ್ಯಕ್ಷರೂ ಆಗಿದ್ದವರು.

ಬೆಂಗಳೂರಿನ ಪಾದ್ರಿಯ ಸುದ್ದಿ ಆಳಂದ, ಅಫಜಲಪುರ, ಜೇವರ್ಗಿ ಮಂದಿಗೆ ಯಾಕ್ರೀ ಅಂತ ಪುಟ ತಿರುವುವ ಮೊದಲು ಒಂದು ಮಾತು ಕೇಳಬೇಕು. ಇವರು ತೀರಿಕೊಂಡಾಗ ಗಾದಿಯ ಮೇಲೆ ಇರಲಿಲ್ಲ. ಗಾದಿ ಬಿಟ್ಟು ಆಗಲೇ 26 ವರ್ಷ ಆಗಿತ್ತು. ಯಾರೂ ಕೆಳಗಿಳಿಸಿರಲಿಲ್ಲ, ಅವಧಿಯೂ ಮುಗಿದಿರಲಿಲ್ಲ. ನಿಯಮದ ಪ್ರಕಾರ ಇನ್ನೂ 5 ವರ್ಷ ಕೂಡಬಹುದಾಗಿತ್ತು. ಆದರೂ ತಾವಾಗಿಯೇ ಎದ್ದು ಹೊರಟರು.

ಪಂಚಾಯ್ತಿ ಅಧ್ಯಕ್ಷಗಿರಿ ‘ಹದಿನೈದು ತಿಂಗಳಿಗೆ ಬಿಟ್ಟುಕೊಡ್ತೀನಿ’ ಅಂತ ದೇವರ ಮುಂದೆ ಆಣೆ ಮಾಡಿ, ಹದಿನಾರನೇ ತಿಂಗಳಿಗೆ ಫೋನ್ ಎತ್ತದ ಮಂದಿ ಇರುವ ಸೀಮೆ ಇದು. ಇಂಥ ಕಡೆ ಈ ಸುದ್ದಿಗೆ ಬೆಲೆ ಇದೆ.

ಬಿಷಪ್ ಅಂದ್ರ ಯಾರು?

ಈ ಜಿಲ್ಲೆಯಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೂ ಸಿಗುವುದಿಲ್ಲ. ‘ಮಿಶನ್ ಚರ್ಚು’ ಅಂದರೆ ಜನಕ್ಕೆ ಗೊತ್ತಿರುವುದು ಹೆಚ್ಚಾಗಿ ಮೆಥೊಡಿಸ್ಟರ ಚರ್ಚು. ಬೀದರ, ಕಲಬುರಗಿ ಕಡೆ ಅವರದು ಹಳೆಯ ಕಾಲದ ನೆಲೆ. ಕೆಥೋಲಿಕರು ಬೇರೆ. ಅವರ ದೊಡ್ಡವರು ರೋಮಿನ ಪೋಪ್. ಕನ್ನಡದ ಕೆಥೋಲಿಕರು ಅವರನ್ನು ಕರೆಯುವುದು ‘ಜಗದ್ಗುರು’ ಎಂದೇ! ಆ ಜಗದ್ಗುರು ಒಂದೊಂದು ಸೀಮೆಗೆ ಒಬ್ಬೊಬ್ಬ ಬಿಷಪ್ಪರನ್ನು ನೇಮಿಸುತ್ತಾರೆ. ಕನ್ನಡದಲ್ಲಿ ಅವರು ಧರ್ಮಾಧ್ಯಕ್ಷರು. ಕೈಯಲ್ಲಿ ಕುರುಬನ ಕೋಲು, ಬೆರಳಿಗೆ ಉಂಗುರ, ತಲೆಗೆ ಎತ್ತರದ ಕಿರೀಟ. ಕೆಥೆಡ್ರಲ್ ಅನ್ನುವ ಹೆಸರೂ ಬಂದದ್ದು ಕುರ್ಚಿಯಿಂದಲೇ. ಬಿಷಪ್ಪರ ಪೀಠ ಇರುವ ಚರ್ಚೇ ಕೆಥೆಡ್ರಲ್.

ಪೀಠ ಕೈ ಬದಲಾಗುವ ರೀತಿ ಒಂದೊಂದು ಕಡೆ ಒಂದೊಂದು. ಮಠದಲ್ಲಿ ಹಿರಿಯ ಸ್ವಾಮಿಗಳು ಮರಿ ಮಾಡಿಕೊಳ್ಳುತ್ತಾರೆ. ದರ್ಗಾದಲ್ಲಿ ಸಜ್ಜಾದೆ ಸ್ಥಾನ ಮನೆತನದಲ್ಲಿ ಇಳಿದು ಬರುತ್ತದೆ. ಎರಡೂ ಕಡೆ ಸಾಮಾನ್ಯವಾಗಿ ಕುಂತವರು ಕಡೆಯ ಉಸಿರಿನ ತನಕ ಕೂಡುತ್ತಾರೆ. ಬಿಷಪ್ಪರಿಗೆ ಹೆಂಡಿರು ಮಕ್ಕಳಿಲ್ಲ, ಮರಿ ಮಾಡುವ ಅಧಿಕಾರವೂ ಇಲ್ಲ. ಮೊದಲು ಅವರೂ ಸಾಯುವ ತನಕ ಕೂಡುತ್ತಿದ್ದದ್ದೇ ಹೆಚ್ಚು. 1962ರಿಂದ 1965ರವರೆಗೆ ರೋಮಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ನಡೆಯಿತು. ವಯಸ್ಸಾಗಿ ಕೈಲಾಗದ ಬಿಷಪ್ಪರು ತಾವೇ ಜಾಗ ಬಿಡಬೇಕು ಎಂದು ಸಭೆ ಕೇಳಿಕೊಂಡಿತು. ಮರುವರ್ಷ, 1966ರಲ್ಲಿ, ಪೋಪ್ ಆರನೇ ಪೌಲರು 75 ವರ್ಷ ಎಂಬ ಲೆಕ್ಕ ಹಾಕಿಕೊಟ್ಟರು. 75 ತುಂಬಿದಾಗ ಬಿಷಪ್ ಪೋಪರಿಗೆ ರಾಜೀನಾಮೆ ಕಾಗದ ಬರೆಯಬೇಕು. ಒಪ್ಪುವುದು ಬಿಡುವುದು ಪೋಪರಿಗೆ ಬಿಟ್ಟದ್ದು.

ಆ ಮಹಾಸಭೆಯ ಕೊನೆಯ ಅಧಿವೇಶನಗಳಲ್ಲಿ ಕರ್ನಾಟಕದ ಒಬ್ಬ ಹರೆಯದ ಬಿಷಪ್ಪರೂ ಕುಳಿತಿದ್ದರು. ಅವರೇ ಮಥಾಯಸ್.

ಪಾಂಗಾಳದ ಹುಡುಗ

ಹುಟ್ಟಿದ್ದು 1928ರ ಜೂನ್ 22, ಉಡುಪಿ ಸಮೀಪದ ಪಾಂಗಾಳದಲ್ಲಿ. ಆಗ ಉಡುಪಿ ಮದರಾಸು ಸರ್ಕಾರದ್ದು, ಕಲಬುರಗಿ ನಿಜಾಮನದು. ಮನೆಮಾತು ಕೊಂಕಣಿ. ಮಂಗಳೂರಿನ ಜೆಪ್ಪು ಸೆಮಿನರಿಯಲ್ಲಿ ಓದು, ಅಲ್ಲಿಂದ ಸಿಲೋನಿನ ಕ್ಯಾಂಡಿಗೆ. ಗುರುದೀಕ್ಷೆ ಆದದ್ದು 1954ರ ಆಗಸ್ಟ್ 24. ಮುಂದೆ ರೋಮಿಗೆ ಹೋಗಿ ಚರ್ಚಿನ ಕಾನೂನು ಓದಿ ಬಂದರು.

1963ರ ನವೆಂಬರಿನಲ್ಲಿ ಮೈಸೂರು ಧರ್ಮಪ್ರಾಂತ್ಯವನ್ನು ಒಡೆದು ಚಿಕ್ಕಮಗಳೂರಿಗೆ ಹೊಸ ಪೀಠ ಮಾಡಿದರು. ಮೊದಲ ಬಿಷಪ್ ಯಾರು? 35 ವರ್ಷದ ಮಥಾಯಸ್! ಆ ವಯಸ್ಸಿಗೆ ಬೇರೆಯವರು ಒಂದು ಹಳ್ಳಿ ಚರ್ಚಿನ ಲೆಕ್ಕ ನೋಡಿಕೊಂಡು ಇರುತ್ತಾರೆ. ಇವರ ಕೈಗೆ ಬಂದದ್ದು ಮಲೆನಾಡಿನ ಸೀಮೆ. ಶಿವಮೊಗ್ಗೆಯೂ ಆಗ ಅದರಲ್ಲೇ ಸೇರಿತ್ತು. ಕಾಫಿ ತೋಟದ ಕೂಲಿಕಾರರು, ಗುಡ್ಡಕ್ಕೊಂದು ಮನೆ, ಮಳೆಗಾಲದಲ್ಲಿ ಕಡಿದುಹೋಗುವ ರಸ್ತೆ. ಎಲ್ಲವನ್ನೂ ಹೊಸದಾಗಿ ಕಟ್ಟಬೇಕು. ಅಲ್ಲಿ 22 ವರ್ಷಕ್ಕೂ ಮೇಲೆ ದುಡಿದರು.

ಅದೇ ಹೊತ್ತಿಗೆ ಚರ್ಚಿನೊಳಗೆ ದೊಡ್ಡ ಬದಲಾವಣೆ ಆಯಿತು. ಅಲ್ಲಿಯ ತನಕ ಪೂಜೆ ಲ್ಯಾಟಿನ್‌ನಲ್ಲಿ. ಗುರುಗಳು ಅಂದದ್ದು ದೇವರಿಗೆ ತಿಳೀತಿತ್ತೋ ಏನೋ, ಮಂದಿಗಂತೂ ತಿಳೀತಿರಲಿಲ್ಲ. ಮಹಾಸಭೆ ಆದಮೇಲೆ ಜನರ ಮಾತಿನಲ್ಲೇ ಪೂಜೆ ಮಾಡಲು ದಾರಿಯಾಯಿತು. ಕರ್ನಾಟಕದ ಚರ್ಚುಗಳಿಗೆ ಕನ್ನಡ ಬಂತು. ಜನರ ಮಾತು ಅಂದರೆ ಯಾರ ಮಾತು ಎನ್ನುವ ಜಗಳವೂ ಅದರ ಹಿಂದೆಯೇ ಬಂತು.

ಕನ್ನಡ, ತಮಿಳು ಮತ್ತು ಬೆಂಕಿ

1986ರ ಸೆಪ್ಟೆಂಬರಿನಲ್ಲಿ ಮಥಾಯಸ್ ಅವರನ್ನು ಬೆಂಗಳೂರಿಗೆ ಆರ್ಚ್‌ಬಿಷಪ್ ಮಾಡಿದರು. ಹೂವಿನ ಹಾಸಿಗೆ ಅಲ್ಲ ಅದು. ಬೆಂಗಳೂರಿನ ಕೆಥೋಲಿಕರಲ್ಲಿ ತಮಿಳು ಮಾತಾಡುವವರು ಬಹಳ. ಕನ್ನಡದ ಕ್ರೈಸ್ತರ ಕೂಗು: ಕರ್ನಾಟಕದ ಚರ್ಚಿನಲ್ಲಿ ಕನ್ನಡಕ್ಕೆ ಮೊದಲ ಮಣೆ ಹಾಕ್ರಿ! ತಮಿಳರ ಪ್ರಶ್ನೆ: ತಲೆತಲಾಂತರದಿಂದ ಇಲ್ಲೇ ಇದ್ದೇವೆ, ನಮ್ಮ ಭಾಷೆಯಲ್ಲಿ ಪ್ರಾರ್ಥನೆ ಬೇಡವೆ? ಎರಡೂ ಕಡೆ ನ್ಯಾಯವಿತ್ತು, ಎರಡೂ ಕಡೆ ಹಟವೂ ಇತ್ತು. ನಡುವೆ ಕುಂತವರ ಮನೆಮಾತು ಕನ್ನಡವೂ ಅಲ್ಲ, ತಮಿಳೂ ಅಲ್ಲ. ಹೀಗಾಗಿ ಎರಡೂ ಕಡೆಯವರಿಗೆ ಅನುಮಾನ.

ಈ ಜಗಳ ಅವರ ಕಾಲಕ್ಕೆ ಹುಟ್ಟಿದ್ದಲ್ಲ, ಅವರ ಕಾಲಕ್ಕೆ ಮುಗಿಯಲೂ ಇಲ್ಲ. ಸೊಲ್ಲಾಪುರ, ಅಕ್ಕಲಕೋಟೆ ಗಡಿಗೆ ಹತ್ತಿಕೊಂಡು, ಕನ್ನಡ, ಮರಾಠಿ, ದಖನಿ ಒಂದೇ ಬಾಯಲ್ಲಿ ಆಡುವ ಆಳಂದದ ಮಂದಿಗೆ ಇದರ ಬಿಸಿ ಬಿಡಿಸಿ ಹೇಳಬೇಕಿಲ್ಲ.

ದೇಶದ ಕುರ್ಚಿ, ಕೇರಿಯ ಪ್ರಶ್ನೆ

1989ರಲ್ಲಿ ಮಥಾಯಸ್ ಭಾರತದ ಕೆಥೋಲಿಕ್ ಬಿಷಪ್ಪರ ಮಂಡಳಿಗೆ ಅಧ್ಯಕ್ಷರಾದರು. 1993ರವರೆಗೆ ಆ ಹೊಣೆ ಅವರದು. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜು ಮತ್ತು ಆಸ್ಪತ್ರೆ ಈ ಮಂಡಳಿಯದೇ. ಮಂಡಲ ಗಲಾಟೆ, 1992ರ ಡಿಸೆಂಬರ್ 6ರ ಬಾಬ್ರಿ ಮಸೀದಿ ನೆಲಸಮ, ಎಲ್ಲವೂ ಆ 4 ವರ್ಷದಲ್ಲೇ ಆದವು.

ಅದೇ ಅವಧಿಯಲ್ಲಿ ಈ ಮೂರು ತಾಲೂಕಿನ ಕೇರಿಗಳಿಗೂ ತಟ್ಟುವ ಒಂದು ವಿಷಯ ಮೇಲೆದ್ದಿತು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಅಂದರೆ ಹಿಂದೂಗಳು ಮಾತ್ರ. 1956ರಲ್ಲಿ ಸಿಖ್ಖರನ್ನು ಸೇರಿಸಿದರು. 1990ರಲ್ಲಿ ಬೌದ್ಧರನ್ನು ಸೇರಿಸಿದರು. ದಲಿತ ಕ್ರೈಸ್ತರು, ದಲಿತ ಮುಸ್ಲಿಮರು ಹೊರಗೇ ಉಳಿದರು. ಕೇರಿಯ ಹುಡುಗ ದೀಕ್ಷಾಸ್ನಾನ ಪಡೆದರೆ ಪರಿಶಿಷ್ಟ ಜಾತಿ ಸರ್ಟಿಫಿಕೇಟು ಹೋಯಿತು, ಮೀಸಲು ಸೀಟು ಹೋಯಿತು, ಅಟ್ರಾಸಿಟಿ ಕಾಯ್ದೆಯ ಆಸರೆಯೂ ಹೋಯಿತು. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಜಾಗವಿದೆ ಖರೇ. ಆದರೆ ಊರಿನ ಹೋಟೆಲಿನಲ್ಲಿ ಬೇರೆ ಲೋಟ ಇಡುವವನು ಹೆಸರು ಕೇಳಿ ಲೋಟ ಬದಲಿಸುತ್ತಾನೆಯೆ? ಇದು ಬಿಷಪ್ಪರ ಮಂಡಳಿ ಸರ್ಕಾರಕ್ಕೆ ಮತ್ತೆ ಮತ್ತೆ ಇಟ್ಟ ಬೇಡಿಕೆ. 2022ರ ಅಕ್ಟೋಬರಿನಲ್ಲಿ ಕೇಂದ್ರವು ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಆಯೋಗವನ್ನು ನೇಮಿಸಿದ್ದು ಇದೇ ಪ್ರಶ್ನೆ ಪರಿಶೀಲಿಸಲು.

ಬಿಷಪ್ಪರಿಗೆ ತಿರುಗಿ ಕೇಳುವ ಪ್ರಶ್ನೆಯೂ ಒಂದಿದೆ. ಸರ್ಕಾರದ ಪಟ್ಟಿಯಲ್ಲಿ ಜಾಗ ಕೇಳುವ ಚರ್ಚು, ತನ್ನ ಪೀಠಗಳ ಮೇಲೆ ಕೇರಿಯವರಿಗೆ ಎಷ್ಟು ಜಾಗ ಕೊಟ್ಟಿದೆ?

ಕಾಗದ ಬರೆದರು

1998ರ ಮಾರ್ಚ್ 24ರಂದು ಮಥಾಯಸ್ ಅವರ ರಾಜೀನಾಮೆ ಅಂಗೀಕಾರವಾಯಿತು. ಆಗ ವಯಸ್ಸು 69. 75 ತುಂಬುವುದು 2003ಕ್ಕೆ. ಆರೋಗ್ಯ ಅಥವಾ ಬೇರೆ ಗಂಭೀರ ಕಾರಣ ಇದ್ದರೆ ಮೊದಲೇ ಇಳಿಯಲು ಚರ್ಚಿನ ಕಾನೂನು ದಾರಿ ಕೊಡುತ್ತದೆ. ಆ ಕಾನೂನು ಓದಿದವರೇ ಇವರು. ಮುಂದೆ ಆ ಪೀಠಕ್ಕೆ ಬಂದವರು ಶಿವಮೊಗ್ಗೆಯ ಮೊದಲ ಬಿಷಪ್ ಇಗ್ನೇಷಿಯಸ್ ಪಿಂಟೊ. ವಯಸ್ಸಿನಲ್ಲಿ ಇವರಿಗಿಂತ ಹಿರಿಯರು! ಅಂದರೆ ಮಥಾಯಸ್ ಇಳಿದದ್ದು ವಯಸ್ಸಿನ ಲೆಕ್ಕದಿಂದಲ್ಲ ಎನ್ನುವುದು ಸ್ಪಷ್ಟ.

ಮುಂದಿನ 26 ವರ್ಷ ಅವರು ಮಾಜಿ ಆರ್ಚ್‌ಬಿಷಪ್. ಗಾದಿ ಮೇಲೆ ಇದ್ದದ್ದಕ್ಕಿಂತ ಎರಡು ಪಟ್ಟು ಹೆಚ್ಚು ಕಾಲ ಗಾದಿ ಇಲ್ಲದೆ ಬದುಕಿದರು. ಆ ಪೀಠದ ಮೇಲೆ ಒಬ್ಬರ ಹಿಂದೆ ಮೂವರು ಬಂದು ಕೂಡುವುದನ್ನು ಕಣ್ಣಾರೆ ಕಂಡರು.

ಈ ಸೀಮೆಗೂ ಒಂದು ಪೀಠ

ಕೆಥೋಲಿಕರು ಈ ಭಾಗಕ್ಕೆ ನಿನ್ನೆ ಮೊನ್ನೆ ಬಂದವರಲ್ಲ. ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ ಆದಿಲಶಾಹಿ ಕಾಲದಿಂದಲೇ ಅವರ ಚರ್ಚು ಇದೆ. ಆದರೆ ಕಲಬುರಗಿಗೆ ಸ್ವಂತ ಬಿಷಪ್ ಬಂದದ್ದು 2005ಕ್ಕೆ. ಆ ವರ್ಷ ಜೂನ್ 24ರಂದು ಪೋಪ್ ಹದಿನಾರನೇ ಬೆನೆಡಿಕ್ಟ್ ಗುಲ್ಬರ್ಗಾ ಧರ್ಮಪ್ರಾಂತ್ಯ ಸ್ಥಾಪಿಸಿದರು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅದರೊಳಗೆ. ಬೀದರ, ವಿಜಯಪುರ ಜಿಲ್ಲೆಗಳೂ ಸೇರಿದವು. ಮೊದಲ ಬಿಷಪ್ಪರಾಗಿ ಬಂದವರು ಮಂಗಳೂರು ಕಡೆಯ ರಾಬರ್ಟ್ ಮೈಕಲ್ ಮಿರಾಂದಾ.

ಆಗ ವಿಧಾನಸೌಧದಲ್ಲಿ ಮುಖ್ಯಮಂತ್ರಿ ಕುರ್ಚಿಯ ಮೇಲೆ ಇದ್ದವರು ಜೇವರ್ಗಿಯ ಧರಂಸಿಂಗ್. 1972ರಿಂದ ಜೇವರ್ಗಿ ಮಂದಿ ಅವರನ್ನು 8 ಸಲ ಗೆಲ್ಲಿಸಿದರು, 2008ರಲ್ಲಿ ಕೂದಲೆಳೆಯಲ್ಲಿ ಸೋಲಿಸಿದರು. ಮತದಾರ ಇಳಿಸುವುದು ಹಾಗೆ. ಕಲಬುರಗಿಗೆ ಪೀಠ ಕೊಟ್ಟ ಪೋಪ್ ಬೆನೆಡಿಕ್ಟರನ್ನು ಇಳಿಸುವ ಮತದಾರ ಯಾರೂ ಇರಲಿಲ್ಲ. ಪೋಪರಿಗೆ 75ರ ನಿಯಮವೂ ಇಲ್ಲ. ಆದರೂ 2013ರ ಫೆಬ್ರುವರಿ 28ರಂದು ಅವರೂ ತಾವಾಗಿಯೇ ಇಳಿದರು. ಸುಮಾರು 600 ವರ್ಷದಲ್ಲಿ ಹಾಗೆ ಇಳಿದ ಮೊದಲ ಪೋಪ್. ಜಗದ್ಗುರು ಮಾಡಿದ್ದನ್ನು ಬೆಂಗಳೂರಿನ ಆರ್ಚ್‌ಬಿಷಪ್ 15 ವರ್ಷ ಮೊದಲೇ ಮಾಡಿ ಕುಂತಿದ್ದರು.

ಚಿಕ್ಕಮಗಳೂರಿನ ಮೊದಲ ಬಿಷಪ್ ಕರಾವಳಿಯವರು, ಕಲಬುರಗಿಯ ಮೊದಲ ಬಿಷಪ್ಪರೂ ಕರಾವಳಿಯವರು. ಹೊಸ ಪೀಠ ಕಟ್ಟಲು ಹೊರಗಿನವರು ಬರುವುದು ತಪ್ಪಲ್ಲ. ಆದರೆ ಕಟ್ಟಿದ ಮೇಲೆ ಅದರ ಮೇಲೆ ಕೂಡುವವರು ಯಾರು? ಜೋಳದ ಹೊಲದಲ್ಲಿ ಬೆಳೆದು, ಕಲಬುರಗಿ ಕನ್ನಡ ಆಡುವ, ಆಳಂದ ಜೇವರ್ಗಿ ಕಡೆಯ ಕೇರಿಯ ಹುಡುಗನೊಬ್ಬ ಸೆಮಿನರಿಗೆ ಹೋಗಿ ಒಂದು ದಿನ ಆ ಕೋಲು ಹಿಡಿಯಬೇಕು. ಅದಕ್ಕೆ ದೀಕ್ಷೆ ಬೇಕು, ಓದು ಬೇಕು, ರೋಮಿನ ಒಪ್ಪಿಗೆ ಬೇಕು. ಎಲ್ಲಕ್ಕೂ ಮೊದಲು ಜಾಗ ಖಾಲಿ ಇರಬೇಕು. ಮಠ, ದರ್ಗಾ, ಚರ್ಚು, ಪಕ್ಷ, ಪಂಚಾಯ್ತಿ ಯಾವುದೇ ಇರಲಿ, ಕುಂತವರು ಏಳದೆ ನಿಂತವರಿಗೆ ಕೂಡಲು ಆಗುವುದಿಲ್ಲ.