ಗೆಳೆತನ ಮತ್ತು ಮರುಹುಟ್ಟು: ಗಿಲ್ಗಮೆಶ್ ಕಾವ್ಯದಿಂದ ಹಲಸಂಗಿಯವರೆಗೆ

ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ನಡುವಣ ಸೀಮೆಗೆ, ಅಂದರೆ ಬಹುಮಟ್ಟಿಗೆ ಇಂದಿನ ಇರಾಕಿಗೆ, ಮೆಸೊಪೊಟೇಮಿಯಾ ಎಂಬ ಹಳೆಯ ಹೆಸರಿದೆ. ಆ ನಾಡಿನ ಗಿಲ್ಗಮೆಶ್ ಕಾವ್ಯವು ಮನುಕುಲಕ್ಕೆ ದೊರೆತಿರುವ ಅತಿ ಹಳೆಯ ವೀರಕಾವ್ಯಗಳಲ್ಲಿ ಒಂದು. ಕ್ರಿ.ಪೂ. 1800ರ ಸುಮಾರಿಗೆ ಅಕ್ಕೇಡಿಯನ್ ಭಾಷೆಯಲ್ಲಿ ರೂಪುಗೊಂಡ ಈ ಕಾವ್ಯವನ್ನು, ಹಸಿ ಜೇಡಿಮಣ್ಣಿನ ಹಲಗೆಗಳ ಮೇಲೆ ಜೊಂಡಿನ ಕಡ್ಡಿಯ ತುದಿಯನ್ನೊತ್ತಿ ಬರೆಯುವ ಬೆಣೆಲಿಪಿಯಲ್ಲಿ ದಾಖಲಿಸಲಾಗಿತ್ತು. ಅಸ್ಸೀರಿಯದ ಅರಸ ಅಶುರ್‌ಬನಿಪಾಲನ ನಿನೆವೆಯ ಗ್ರಂಥಭಂಡಾರದಲ್ಲಿದ್ದ 12 ಹಲಗೆಗಳ ಪಾಠವು 19ನೆಯ ಶತಮಾನದ ಉತ್ಖನನದಲ್ಲಿ ಚೂರುಚೂರಾಗಿ ದೊರೆಯಿತು. 1872ರಲ್ಲಿ ವಿದ್ವಾಂಸ ಜಾರ್ಜ್ ಸ್ಮಿತ್ ಅದರೊಳಗಿನ ಪ್ರಳಯದ ಕಥೆಯನ್ನು ಓದಿ ಲೋಕಕ್ಕೆ ತಿಳಿಸಿದ ಮೇಲೆ ಎಲ್ಲರ ಗಮನವೂ ಪ್ರಳಯದ ಭಾಗದ ಮೇಲೆಯೇ ನೆಟ್ಟಿತು. ಆದರೆ ಕಾವ್ಯದ ಜೀವಾಳವಿರುವುದು ಪ್ರಳಯದಲ್ಲಲ್ಲ, ಇಬ್ಬರು ಗೆಳೆಯರ ಸಂಬಂಧದಲ್ಲಿ.

ಉರುಕ್ ಪಟ್ಟಣದ ಅರಸ ಗಿಲ್ಗಮೆಶ್ ಮೂರರಲ್ಲಿ ಎರಡು ಪಾಲು ದೇವರು, ಒಂದು ಪಾಲು ಮನುಷ್ಯ. ಅವನಿಗೆ ಎದುರಾಗಬಲ್ಲವರು ಯಾರೂ ಇಲ್ಲದ್ದರಿಂದ ಅವನ ಬಲವೇ ಪ್ರಜೆಗಳಿಗೆ ಪೀಡೆಯಾಗುತ್ತದೆ. ಜನರ ಮೊರೆ ಕೇಳಿದ ದೇವತೆಗಳು ಅವನನ್ನು ಶಿಕ್ಷಿಸುವುದಿಲ್ಲ, ಅವನಿಗೊಬ್ಬ ಸರಿಸಾಟಿಯನ್ನು ಸೃಷ್ಟಿಸುತ್ತಾರೆ. ಜೇಡಿಮಣ್ಣಿನಿಂದ ಹುಟ್ಟಿ, ಜಿಂಕೆಗಳೊಡನೆ ಹುಲ್ಲು ಮೇಯುತ್ತಿದ್ದ ಎಂಕಿಡು ಪಟ್ಟಣಕ್ಕೆ ಬಂದು, ಬಾಗಿಲಲ್ಲೇ ಅರಸನನ್ನು ತಡೆದು ಕುಸ್ತಿ ಹಿಡಿಯುತ್ತಾನೆ, ಮತ್ತು ಆ ಕುಸ್ತಿಯೇ ಗೆಳೆತನವಾಗಿ ಮುಗಿಯುತ್ತದೆ. ಇಬ್ಬರೂ ಕೂಡಿ ದೇವದಾರು ಕಾಡಿನ ಕಾವಲುಗಾರ ಹುಂಬಾಬನನ್ನೂ ಸ್ವರ್ಗದ ಗೂಳಿಯನ್ನೂ ಕೊಂದಾಗ ದೇವತೆಗಳು ಮುನಿದು ಎಂಕಿಡುವಿಗೆ ಸಾವನ್ನು ವಿಧಿಸುತ್ತಾರೆ. ಗೆಳೆಯನ ಶವವನ್ನು ಮಣ್ಣಿಗೆ ಕೊಡಲೊಪ್ಪದೆ ಗಿಲ್ಗಮೆಶ್ ಆರು ಹಗಲು ಏಳು ಇರುಳು ಅದರ ಬಳಿಯೇ ಅಳುತ್ತ ಕೂರುತ್ತಾನೆ. ಕೊನೆಗೆ ಶವದ ಮೂಗಿನಿಂದ ಒಂದು ಹುಳು ಕೆಳಗೆ ಬೀಳುತ್ತದೆ, ಅದನ್ನು ಕಂಡ ಮೇಲಷ್ಟೇ ಅವನು ಏಳುತ್ತಾನೆ. ವೀರನ ಪರಾಕ್ರಮವನ್ನೆಲ್ಲ ಹಾಡಿಬಂದ ಕವಿ ಈ ಒಂದು ಹುಳುವಿನ ಮುಂದೆ ಅವನನ್ನು ತಂದು ನಿಲ್ಲಿಸಿರುವುದು ವಿಶ್ವಸಾಹಿತ್ಯದ ಅತ್ಯಂತ ಧೀರ ಘಟ್ಟಗಳಲ್ಲಿ ಒಂದು. ಅಲ್ಲಿಂದ ಮುಂದೆ ಅರಸನು ತೊಗಲುಟ್ಟು ಅಲೆಯುವ ಅನ್ವೇಷಕನಾಗಿ, ಸಾವಿಲ್ಲದಿರುವ ಬಗೆಯನ್ನು ಹುಡುಕಿ ಸೋತು, ತನ್ನ ಪಟ್ಟಣಕ್ಕೆ ಹಿಂದಿರುಗುತ್ತಾನೆ.

ಗೆಳೆತನವು ಮನುಷ್ಯನನ್ನು ಹೊರಗಿನ ಸಾಹಸದಿಂದ ಒಳಗಿನ ಹುಡುಕಾಟಕ್ಕೆ ತಿರುಗಿಸಬಲ್ಲದು ಎಂಬ ಈ ಸಂಗತಿಗೆ ಕನ್ನಡ ನಾಡಿನಲ್ಲಿ ನಿಜಜೀವನದ ನಿದರ್ಶನವೊಂದಿದೆ. ಭೀಮಾ ನದಿಯ ಸೀಮೆಯಲ್ಲಿರುವ, ಹಿಂದೆ ಇಂಡಿ ತಾಲ್ಲೂಕಿಗೆ ಸೇರಿದ್ದು ಈಗ ಚಡಚಣ ತಾಲ್ಲೂಕಿನಲ್ಲಿರುವ ಹಲಸಂಗಿ ಎಂಬ ಹಳ್ಳಿಯಲ್ಲಿ 20ನೆಯ ಶತಮಾನದ ಮೊದಲ ದಶಕಗಳಲ್ಲಿ ಕೂಡಿದ ಬಳಗವನ್ನು ಕನ್ನಡ ಸಾಹಿತ್ಯ ಚರಿತ್ರೆ ಹಲಸಂಗಿ ಗೆಳೆಯರು ಎಂದೇ ಗುರುತಿಸುತ್ತದೆ. ಮಧುರಚೆನ್ನ ಎಂಬ ಕಾವ್ಯನಾಮದ ಚೆನ್ನಮಲ್ಲಪ್ಪ ಗಲಗಲಿ, ಶಾಲಾ ಶಿಕ್ಷಕರಾಗಿದ್ದ ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ ಮತ್ತು ಕಾಪಸೆ ರೇವಪ್ಪ ಇವರಲ್ಲಿ ಪ್ರಮುಖರು. ಹಲಸಂಗಿಯಿರುವ ವಿಜಾಪುರ ಜಿಲ್ಲೆಯು ಅಂದು ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅದೇ ಜಿಲ್ಲೆಯಲ್ಲಿ ಫ.ಗು. ಹಳಕಟ್ಟಿಯವರು ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಮತ್ತು ಇತರ ಶರಣರ ವಚನಗಳನ್ನು ತಾಳೆಗರಿಗಳಿಂದ ಎತ್ತಿ ಅಚ್ಚು ಹಾಕಿಸುತ್ತಿದ್ದರು. ಧಾರವಾಡದಲ್ಲಿ ದ.ರಾ. ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಬೆಳೆಯುತ್ತಿತ್ತು. ಹಲಸಂಗಿಯ ಗೆಳೆಯರಿಗಾದರೋ ತಾಳೆಗರಿಯ ಕಟ್ಟಾಗಲಿ ಕಾಲೇಜಾಗಲಿ ಇರಲಿಲ್ಲ. ಮುಲ್ಕಿ ಪರೀಕ್ಷೆಯ, ಅಂದರೆ ಏಳನೆಯ ಇಯತ್ತೆಯ, ಆಚೆಗೆ ಶಾಲೆಯ ಓದು ಮುಂದುವರಿಯದ ಮಧುರಚೆನ್ನರು ಇಂಗ್ಲಿಷನ್ನೂ ಸಂಸ್ಕೃತವನ್ನೂ ಸ್ವಂತ ಪ್ರಯತ್ನದಿಂದಲೇ ಕಲಿತರು.

ಈ ಗೆಳೆಯರ ಕೈಗೆ ಸಿಕ್ಕ ಭಂಡಾರವು ಮನೆಮನೆಯ ಬೀಸುವ ಕಲ್ಲಿನ ಬಳಿ ಇತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಒಕ್ಕಲು ಮನೆಗಳಲ್ಲಿ ಹೆಂಗಸರು ನಸುಕಿನಲ್ಲಿ ಎದ್ದು, ಬೀಸುವ ಕಲ್ಲಿನ ಗೂಟ ಹಿಡಿದು, ಅಂದಿನ ರೊಟ್ಟಿಗೆ ಬೇಕಾದ ಜೋಳ ಬೀಸುತ್ತಿದ್ದರು. ಎದುರುಬದುರು ಕುಳಿತ ಇಬ್ಬರ ಕೈ ಒಂದೇ ಗೂಟದ ಮೇಲಿದ್ದು, ಒಬ್ಬಳು ನುಡಿ ಎತ್ತಿದರೆ ಇನ್ನೊಬ್ಬಳು ದನಿಗೂಡಿಸುತ್ತಿದ್ದಳು. ತವರು, ತಾಯಿ, ಅಣ್ಣತಮ್ಮಂದಿರು, ತೊಟ್ಟಿಲ ಕೂಸು, ಊರ ದೇವರು ಹೀಗೆ ಬದುಕಿನ ಎಲ್ಲವೂ ಆ ಹಾಡುಗಳಲ್ಲಿ ಬರುತ್ತಿದ್ದವು. ಅವುಗಳ ಮುಖ್ಯ ಛಂದಸ್ಸು ತ್ರಿಪದಿ, ಅಂದರೆ ಮೂರು ಸಾಲಿನ ಪದ್ಯ. ಲಕ್ಷಣಕಾರರ ಲೆಕ್ಕದಲ್ಲಿ ಇದಕ್ಕೆ ಒಟ್ಟು 11 ಗಣಗಳು, 6ನೆಯದೂ 10ನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಬಂಡೆಯ ಮೇಲೆ ಕೊರೆಯಲ್ಪಟ್ಟಿರುವ ಛಂದಸ್ಸೂ ಇದೇ. ಅಕ್ಷರ ಬಾರದ ಹೆಣ್ಣುಮಕ್ಕಳು ಸಾವಿರ ವರ್ಷಕ್ಕೂ ಹಳೆಯದಾದ ಒಂದು ಮಟ್ಟನ್ನು ನಾಲಗೆಯ ಮೇಲೆಯೇ ಕಾಪಾಡಿಕೊಂಡು ಬಂದಿದ್ದರು, ಮತ್ತು ಅದನ್ನು ಸಾಹಿತ್ಯವೆಂದು ಕರೆಯುವ ರೂಢಿ ವಿದ್ವಾಂಸರಲ್ಲಿ ಇನ್ನೂ ಬೆಳೆದಿರಲಿಲ್ಲ.

ಇಂಥ ಹಾಡುಗಳ ಸಂಗ್ರಹ ಒಬ್ಬರಿಂದ ಆಗುವ ಕೆಲಸವಲ್ಲ. ಹಾಡುವವಳಿಗೆ ಬರೆದುಕೊಳ್ಳುವವನ ಮೇಲೆ ಮನೆಯವನೆಂಬ ನಂಬಿಕೆ ಇಲ್ಲದಿದ್ದರೆ, ತವರಿನ ನೋವನ್ನು ಹೇಳುವ ಪದ ಅವಳ ಬಾಯಿಂದ ಹೊರಬರುವುದೇ ಇಲ್ಲ. ಆ ಸೀಮೆಯಲ್ಲೇ ಹುಟ್ಟಿಬೆಳೆದ ಈ ಗೆಳೆಯರಿಗೆ ಆ ನಂಬಿಕೆ ದಕ್ಕಿತ್ತು. 1931ರಲ್ಲಿ ಹೊರಬಂದ ‘ಗರತಿಯ ಹಾಡು’ ಕನ್ನಡ ಜನಪದ ಗೀತೆಗಳ ಸಂಗ್ರಹಗಳಲ್ಲಿ ಮೈಲುಗಲ್ಲೆನಿಸಿತು. ಲಾವಣಿಗಳ ಸಂಗ್ರಹವಾದ ‘ಜೀವನ ಸಂಗೀತ’ ಮತ್ತು ‘ಮಲ್ಲಿಗೆ ದಂಡೆ’ ಅದರ ಬೆನ್ನಿಗೇ ಬಂದವು. ಸ್ವಂತ ಕವಿತೆಯಿಂದ ಹೆಸರು ಮಾಡಬಹುದಾಗಿದ್ದ ಯುವಕರು ಕರ್ತೃವಿನ ಹೆಸರಿಲ್ಲದ ಹಾಡುಗಳಿಗೆ ತಮ್ಮ ಹರೆಯವನ್ನು ಕೊಟ್ಟದ್ದು ಸಾಮಾನ್ಯ ಸಂಗತಿಯಲ್ಲ. ಗಿಲ್ಗಮೆಶನ ಸೊಕ್ಕನ್ನು ಎಂಕಿಡುವಿನ ಹೆಗಲು ಇಳಿಸಿದಂತೆ, ಇಲ್ಲಿ ಕವಿಯ ‘ನಾನು’ ಎಂಬುದನ್ನು ಬಳಗವು ಇಳಿಸಿತು. ಲಿಂಗಾಯತ ಮನೆಯವರೂ ಮುಸಲ್ಮಾನ ಮನೆಯವರೂ ಒಂದೇ ಕೆಲಸಕ್ಕೆ ಕೈಹಚ್ಚಿದ ಈ ಕೂಟವನ್ನು ಕುರಿತು ಹೇಳುವಾಗ ಧೂಲಾಸಾಹೇಬರ ಹೆಸರನ್ನು ಕೊನೆಗೆ ಸೇರಿಸಿ ಮುಗಿಸುವ ರೂಢಿ ಸರಿಯಲ್ಲ, ಅವರಿಲ್ಲದೆ ಈ ಬಳಗದ ಚಿತ್ರ ಪೂರ್ತಿಯಾಗದು.

ಬಳಗದ ಕೇಂದ್ರದಲ್ಲಿದ್ದ ಮಧುರಚೆನ್ನರದು ಮೂಲತಃ ಸಾಧಕ ಜೀವ. ಶ್ರದ್ಧೆ ಕದಡಿ ಸಂಶಯ ಕವಿದ ಕಾಲವನ್ನೂ ಅಲ್ಲಿಂದ ಹೊರಬಂದ ಬಗೆಯನ್ನೂ ಅವರು ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂಬ ಆತ್ಮಕಥನಗಳಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ‘ನನ್ನ ನಲ್ಲ’ ಕಾವ್ಯದಲ್ಲಿ ದೇವರನ್ನು ಪ್ರಿಯನೆಂದು ಕರೆದು ಹಂಬಲಿಸುವ ದನಿಗೆ ಬೀಸುವ ಕಲ್ಲಿನ ಹಾಡುಗಳ ಬನಿ ಇಳಿದಿದೆ. ಮುಂದೆ ಪುದುಚೇರಿಯ ಶ್ರೀ ಅರವಿಂದರ ಪೂರ್ಣಯೋಗವನ್ನು, ಅಂದರೆ ಲೋಕವನ್ನು ಬಿಡದೆ ಬದುಕನ್ನೇ ದಿವ್ಯವಾಗಿಸಬಯಸುವ ಸಾಧನಾಮಾರ್ಗವನ್ನು, ಅವರು ತಮ್ಮದಾಗಿಸಿಕೊಂಡರು. ಗಿಲ್ಗಮೆಶನ ಹುಡುಕಾಟ ಗೆಳೆಯನು ಸತ್ತ ಮೇಲೆ ಒಂಟಿಯಾಗಿ ನಡೆಯುತ್ತದೆ. ಮಧುರಚೆನ್ನರದು ಗೆಳೆಯರ ನಡುವೆಯೇ ನಡೆಯಿತು, ಅವರ ಅನ್ವೇಷಣೆ ಒಣಗದೆ ಹಸುರಾಗಿ ಉಳಿದದ್ದಕ್ಕೆ ಇದೇ ಮುಖ್ಯ ಕಾರಣವೆನ್ನಬೇಕು.

ಅಗಲಿಕೆಯ ಪಾಲು ಸಿಂಪಿ ಲಿಂಗಣ್ಣನವರಿಗೆ ಬಂತು. 1903ರಲ್ಲಿ ಹುಟ್ಟಿದ ಮಧುರಚೆನ್ನರು 1953ರ ಆಗಸ್ಟ್ 15ರಂದು, ಶ್ರೀ ಅರವಿಂದರು ಹುಟ್ಟಿದ ದಿನಾಂಕದಂದೇ, ತೀರಿಕೊಂಡರು. ಎಂಕಿಡುವಿನ ನೆನಪಿಗೆ ಗಿಲ್ಗಮೆಶ್ ಚಿನ್ನ ಮತ್ತು ನೀಲಿ ಲಾಜವರ್ದ ಕಲ್ಲಿನ ಪ್ರತಿಮೆ ಮಾಡಿಸಲು ಹೊರಟನು. ಲಿಂಗಣ್ಣನವರಾದರೋ ಗೆಳೆಯರೊಡನೆ ತೊಡಗಿದ್ದ ಜಾನಪದದ ಕೆಲಸವನ್ನು ಕೈಬಿಡದೆ ‘ಜನಾಂಗದ ಜೀವಾಳ’ದಂಥ ಕೃತಿಗಳನ್ನು ಬರೆದು, 1993ರವರೆಗೆ ಬಾಳಿದರು.