ತೀರ್ಥದ ಹೆಂಗಸರ ಗಿರಣಿ

ಸಾಮೆ, ಕೊರಲೆ ಬೆಳೆಯುವುದು ಕಷ್ಟವಲ್ಲ, ಅಕ್ಕಿ ಮಾಡುವುದೇ ಕಷ್ಟ. ಪಾವಗಡ, ಮಧುಗಿರಿ, ಸಿರಾ ಸೀಮೆಯ ಹಿರಿಯ ಹೆಂಗಸರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹುಣಸೆಮರದ ನೆರಳಿನಲ್ಲೂ ಬರುವ ಕೊರಲೆ ನಮ್ಮ ಕಡೆಯದೇ ಬೆಳೆ. ನಾಲ್ಕು ಮಳೆ ಬಿದ್ದರೆ ಕೈಗೆ ಬರುತ್ತದೆ. ಆದರೆ ಕಾಳಿಗೆ ಬಿಗಿಯಾಗಿ ಅಂಟಿದ ಸಿಪ್ಪೆ ಬಿಡಿಸಲು ಒರಳು, ಒನಕೆ, ಬೀಸುಕಲ್ಲು, ಮೊರ ಎಲ್ಲವೂ ಬೇಕು, ಎಲ್ಲದರ ಭಾರವೂ ಹೆಂಗಸರ ತೋಳಿನ ಮೇಲೆ. ಸೊಸೈಟಿ ಅಕ್ಕಿ ಮನೆಗೆ ಬಂದ ಮೇಲೆ ಆ ದುಡಿಮೆ ತಪ್ಪಿತು, ಕಿರುಧಾನ್ಯವೂ ಹೊಲ ಬಿಟ್ಟಿತು. ಆ ಜಾಗದಲ್ಲಿ ಕಡಲೆಕಾಯಿ ಬಂದು ಕೂತಿತು.

ಈ ಗಂಟನ್ನು ಬಿಡಿಸಲು ಹೊರಟವರು ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿಜಾನ್ ಹಳೇಮನಿ. 2018ರಲ್ಲಿ ಊರಿನ ಹೆಂಗಸರು ಕೂಡಿ ಕಟ್ಟಿದ ಬೀಬಿ ಫಾತಿಮಾ ಸ್ವಸಹಾಯ ಸಂಘದ ಮುಂದಾಳು ಅವರು. ಬೆನ್ನಿಗೆ ನಿಂತದ್ದು ‘ಸಹಜ ಸಮೃದ್ಧ’ ಬಳಗ. ಸಂಘ ಸಮುದಾಯ ಬೀಜ ಬ್ಯಾಂಕ್ ನಡೆಸಿತು, ಸುತ್ತಲ ಹಳ್ಳಿಗಳಲ್ಲಿ ಸಿರಿಧಾನ್ಯದ ಮಿಶ್ರಬೆಳೆ ಮತ್ತೆ ಬೇರೂರುವಂತೆ ಮಾಡಿತು. ಸೌರವಿದ್ಯುತ್ತಿನ ಸಂಸ್ಕರಣಾ ಘಟಕವೂ ಅದರ ಕೈಯಲ್ಲೇ ಇದೆ. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಕೊಡುವ ಈಕ್ವೇಟರ್ ಪ್ರಶಸ್ತಿ ಈ ಸಂಘಕ್ಕೆ ಸಂದಿತು.

ಪ್ರಶಸ್ತಿಗಿಂತ ನನಗೆ ದೊಡ್ಡದಾಗಿ ಕಾಣುವುದು ಗಿರಣಿಯ ಒಡೆತನ. ಸಿರಿಧಾನ್ಯದ ಗಿರಣಿಯಲ್ಲಿ ಕೆಲಸ ಒಂದೇ ಏಟಿಗೆ ಮುಗಿಯುವುದಿಲ್ಲ. ಮೊದಲು ಕಲ್ಲು, ಮಣ್ಣು ಬೇರೆಯಾಗಬೇಕು. ಯಂತ್ರದೊಳಗೆ ರಭಸವಾಗಿ ತಿರುಗುವ ಚಕ್ರ ಕಾಳನ್ನು ಗೋಡೆಗೆ ಅಪ್ಪಳಿಸಿದಾಗ ಸಿಪ್ಪೆ ಒಡೆಯುತ್ತದೆ, ಗಾಳಿ ಅದನ್ನು ಹಾರಿಸಿಕೊಂಡು ಹೋಗುತ್ತದೆ. ಆದರೂ ಅಷ್ಟಿಷ್ಟು ಕಾಳು ಸಿಪ್ಪೆಯೊಂದಿಗೇ ಉಳಿಯುತ್ತವೆ. ಅವನ್ನು ಜರಡಿ ಹಿಡಿದು ಆರಿಸಿ ಮತ್ತೆ ಯಂತ್ರಕ್ಕೆ ಸುರಿಯಬೇಕು. ಅಕ್ಕಿ ಬೆಳ್ಳಗಾಗಲಿ ಎಂದು ಪಾಲಿಶ್ ಜಾಸ್ತಿ ಕೊಟ್ಟರೆ ನಾರು, ಸತ್ವ ತೌಡಿನ ಜೊತೆ ಹೊರಟುಹೋಗುತ್ತದೆ. ತೌಡು ಉಳಿಸಿಕೊಂಡರೆ ಅದರ ಎಣ್ಣೆಯಂಶದಿಂದ ಅಕ್ಕಿ ಬಹಳ ದಿನ ಕೆಡದೆ ಇರುವುದಿಲ್ಲ. ಹಾಗಾಗಿ ಬೇಕಾದಷ್ಟನ್ನೇ ಆಗಾಗ ಮಾಡಿಕೊಡುವ ಊರಿನ ಚಿಕ್ಕ ಗಿರಣಿಯೇ ಸಿರಿಧಾನ್ಯಕ್ಕೆ ಸರಿ. ಸಿಪ್ಪೆ ತೆಗೆಯದ ಕಾಳನ್ನು ರೈತ ದಲ್ಲಾಳಿಗೆ ಹಾಕಿದರೆ ಅಕ್ಕಿಯ ಲಾಭವೂ ಅವನ ಹಿಂದೆಯೇ ಹೋಗುತ್ತದೆ. ಗಿರಣಿ ಸಂಘದ್ದಾದರೆ ಅದು ಊರಲ್ಲೇ ಉಳಿಯುತ್ತದೆ.

ತೀರ್ಥದ ಕಥೆಯನ್ನು ನಾಗಲಮಡಿಕೆಯ ಓದುಗರ ಮುಂದಿಡಲು ಕಾರಣವಿದೆ. ಉತ್ತರ ಪಿನಾಕಿನಿಯ ದಂಡೆಯ, ಸುಬ್ರಹ್ಮಣ್ಯ ಸ್ವಾಮಿಯ ಈ ಊರಿನ ಹೋಬಳಿಯಲ್ಲೇ 2,050 ಮೆಗಾವಾಟ್‌ನ ಪಾವಗಡ ಸೋಲಾರ್ ಪಾರ್ಕ್ ಇದೆ. ತಿರುಮಣಿ, ವಳ್ಳೂರು ಸುತ್ತಿನ ಸುಮಾರು 13,000 ಎಕರೆ ಅದರಲ್ಲಿ ಸೇರಿದೆ. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ ಬರುತ್ತಿದೆ. ಬರಗಾಲದ ಸೀಮೆಗೆ ಅದು ಸಣ್ಣ ಆಸರೆಯಲ್ಲ. ಆದರೆ ಆ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಕೂಲಿ ಪಡೆಯುತ್ತಿದ್ದ ಭೂಮಿಯಿಲ್ಲದ ಹೆಂಗಸರಿಗೆ ಗುತ್ತಿಗೆಯೂ ಇಲ್ಲ, ಕೂಲಿಯೂ ಇಲ್ಲ. ಅದೇ ಬಿಸಿಲು ತೀರ್ಥದಲ್ಲಿ ಹೆಂಗಸರದೇ ಗಿರಣಿ ತಿರುಗಿಸುತ್ತಿದೆ.

ನಮ್ಮಲ್ಲೂ ಇದು ಆಗಬೇಕು, ಆಗುವಂಥದ್ದೇ. ಕೊರಲೆ ಇನ್ನೂ ಪೂರ್ತಿ ಅಳಿದಿಲ್ಲ, ಸ್ತ್ರೀಶಕ್ತಿ ಸಂಘಗಳಿವೆ, ಬಿಸಿಲಿಗಂತೂ ಬರವಿಲ್ಲ. ಯಂತ್ರಕ್ಕೆ ಅರ್ಜಿ ಬರೆಯುವ ಮೊದಲು ನಮ್ಮ ಸಂಘದ ನಾಲ್ಕು ಜನ ತೀರ್ಥಕ್ಕೆ ಹೋಗಿ ಬರಲಿ. ಅಲ್ಲಿ ಗಿರಣಿಗಿಂತ ಮುಂಚೆ ಬೀಜ ಬ್ಯಾಂಕ್ ನೋಡಲಿ. ಬಿತ್ತುವವರು ಸುತ್ತಮುತ್ತ ಇಲ್ಲದಿದ್ದರೆ ಎಷ್ಟು ಒಳ್ಳೆಯ ಗಿರಣಿಯಾದರೂ ವರ್ಷದ ಮುಕ್ಕಾಲು ಭಾಗ ಬೀಗ ಹಾಕಿಕೊಂಡೇ ಇರುತ್ತದೆ.