ಯುಗಾದಿಗೆ ಮುನ್ನ: ಮನೆಯ ಕಸ, ಮನೆಯ ಕಾಗದ, ಮನೆಯ ತೆರಿಗೆ



ಯುಗಾದಿ ಹತ್ತಿರ ಬಂತೆಂದರೆ ನಮ್ಮ ಹಳ್ಳಿಗಳಲ್ಲಿ ಸುಣ್ಣ, ಕೆಮ್ಮಣ್ಣು, ಪೊರಕೆಗಳಿಗೆ ಕೆಲಸ ಹೆಚ್ಚು. ಅಟ್ಟದ ಮೇಲಿನ ಸಾಮಾನು ಅಂಗಳಕ್ಕೆ ಇಳಿಯುತ್ತದೆ. ಸುಮಾರು ಇದೇ ದಿನಗಳಲ್ಲಿ ಇನ್ನೊಂದು ವರ್ಷವೂ ಮುಗಿಯುತ್ತದೆ. ಗ್ರಾಮ ಪಂಚಾಯಿತಿಯ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಕೊನೆಯಾಗಿ ಏಪ್ರಿಲ್ 1ಕ್ಕೆ ಹೊಸದು ಪ್ರಾರಂಭವಾಗುತ್ತದೆ. ಆದ್ದರಿಂದ ಮನೆ ಹಸನು ಮಾಡುವುದನ್ನೂ ಮನೆ ತೆರಿಗೆಯ ಲೆಕ್ಕ ನೋಡುವುದನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಲೇಸು. ಅದು ಹೇಗೆಂಬುದನ್ನು ಮುಂದೆ ತಿಳಿಸಿದೆ.

ಮೊದಲು ಕಾಗದ, ಆಮೇಲೆ ಕಸ

ಮನೆ ಗುಡಿಸುವಾಗ ಹಳೆಯ ಕಾಗದವೆಂದರೆ ಒಲೆಗೆ ಹಾಕುವ ವಸ್ತುವೆಂದು ಹಲವರು ತಿಳಿಯುತ್ತಾರೆ. ಇದು ತಪ್ಪು. ಜಂತಿಯ ಸಂದಿಯಲ್ಲಿ, ಗೋಡೆಯ ಗೂಡಿನಲ್ಲಿ, ಅಜ್ಜನ ಟ್ರಂಕಿನಲ್ಲಿ ಇರುವ ಕಾಗದಗಳನ್ನು ಓದುಬಲ್ಲವರಿಂದ ಒಂದೊಂದಾಗಿ ನೋಡಿಸಿರಿ. ಅಲ್ಲಿಯವರೆಗೆ ಒಂದು ಚೂರನ್ನೂ ಹೊರಗೆ ಹಾಕಬೇಡಿರಿ.

ಹಂಪಸಾಗರದ ಸುತ್ತಿನವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತಾಗ ಹಿನ್ನೀರಿಗೆ ಸಿಕ್ಕಿದ ಊರುಗಳು ಎದ್ದು ಬೇರೆ ಕಡೆ ನೆಲೆಸಿದವು. ಅಂಥ ಮನೆತನದವರ ಪೆಟ್ಟಿಗೆಯಲ್ಲಿ ಆ ಕಾಲದ ಪರಿಹಾರದ ಕಾಗದ, ನಿವೇಶನದ ಕಾಗದ ಇದ್ದರೆ ಅದು ಇಂದಿಗೂ ಬೆಲೆಯುಳ್ಳದ್ದು. ಬಳ್ಳಾರಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅದಕ್ಕೂ ಮುಂಚೆ ಮದ್ರಾಸಿನ ಆಡಳಿತವಿತ್ತು. ಆದಕಾರಣ ಹಳೆಯ ಕಾಗದದಲ್ಲಿ ಮದ್ರಾಸಿನ ಮುದ್ರೆಯೋ ತೆಲುಗು, ಇಂಗ್ಲಿಷ್ ಬರಹವೋ ಕಂಡರೆ ನಮ್ಮದಲ್ಲವೆಂದು ಎಸೆಯಬೇಡಿರಿ. ವಿಜಯನಗರ ಜಿಲ್ಲೆ ಆದದ್ದು 2021ರಲ್ಲಿ. ಅದಕ್ಕೆ ಹಿಂದಿನ ಕಾಗದದಲ್ಲಿ ಬಳ್ಳಾರಿ ಜಿಲ್ಲೆ ಎಂದಿರುವುದು ಸರಿಯೇ.

ಕಾಗದಗಳನ್ನು ಮೂರು ಕಟ್ಟು ಮಾಡಿರಿ.

1. ಮನೆಯ ಕಟ್ಟು: ಹಕ್ಕುಪತ್ರ, ಕ್ರಯಪತ್ರ, ವಿಭಾಗಪತ್ರ, ಇ-ಸ್ವತ್ತಿನ ನಕಲು, ಮನೆ ತೆರಿಗೆಯ ಎಲ್ಲಾ ರಸೀದಿಗಳು.

2. ಹೊಲದ ಕಟ್ಟು: ಪಹಣಿ, ಕಂದಾಯದ ರಸೀದಿ, ಸಾಲ ತೀರಿಸಿದ್ದಕ್ಕೆ ಸೊಸೈಟಿ ಅಥವಾ ಬ್ಯಾಂಕು ಕೊಟ್ಟ ಪತ್ರ.

3. ಮನೆಮಂದಿಯ ಕಟ್ಟು: ಜನನ, ಮರಣ, ಜಾತಿ, ಶಾಲೆಯ ಪತ್ರಗಳು.

ಕಟ್ಟುಗಳನ್ನು ನೆಲಕ್ಕೆ ತಾಗದಂತೆ, ಗೋಡೆಗೆ ಒತ್ತದಂತೆ ತಗಡಿನ ಪೆಟ್ಟಿಗೆಯಲ್ಲಿಡಿರಿ. ಒಣಗಿದ ಬೇವಿನ ಎಲೆ ಹಾಕಿದರೆ ಹುಳುವಿನ ಕಾಟ ಕಡಿಮೆ. ಮುಖ್ಯ ಕಾಗದಗಳ ಝೆರಾಕ್ಸ್ ತೆಗೆಸಿ ಬೇರೆ ಕಡೆ ಇಡಿರಿ. ಮಕ್ಕಳ ಮೊಬೈಲಿನಲ್ಲಿ ಒಂದು ಫೋಟೋ ಇರಲಿ. ಗೆದ್ದಲು ತಿಂದ ಮೇಲೆ ನಕಲು ಪಡೆಯಲು ಕಚೇರಿಗೆ ಎಷ್ಟು ಸಲ ಅಲೆಯಬೇಕೆಂಬುದು ಅಲೆದವರಿಗೇ ಗೊತ್ತು.

ಮನೆ ತೆರಿಗೆ ಎಂದರೇನು?

ಹೊಲದ ಕಂದಾಯ ಬೇರೆ, ಮನೆ ತೆರಿಗೆ ಬೇರೆ. ಕಂದಾಯವು ಸರ್ಕಾರದ ಕಂದಾಯ ಇಲಾಖೆಗೆ ಸೇರುತ್ತದೆ. ಮನೆ, ಅಂಗಡಿ, ಖಾಲಿ ನಿವೇಶನಗಳ ತೆರಿಗೆಯನ್ನು ವಿಧಿಸುವ ಅಧಿಕಾರ 1993ರ ಪಂಚಾಯತ್ ರಾಜ್ ಕಾಯಿದೆಯ 199ನೇ ಪ್ರಕರಣದಂತೆ ಗ್ರಾಮ ಪಂಚಾಯಿತಿಗೆ ಇದೆ. ನಮ್ಮ ಬೀದಿಯ ದೀಪ, ಚರಂಡಿ, ಕುಡಿಯುವ ನೀರಿನ ಮೋಟಾರು ರಿಪೇರಿಗೆ ಪಂಚಾಯಿತಿಯ ಕೈಯಲ್ಲಿರುವ ಸ್ವಂತ ಹಣವೆಂದರೆ ಮುಖ್ಯವಾಗಿ ಇದೇ.

ತೆರಿಗೆಯ ಜೊತೆಗೆ ಶಿಕ್ಷಣ, ಆರೋಗ್ಯ, ಗ್ರಂಥಾಲಯ ಮುಂತಾದ ಕರಗಳು ಸೇರುತ್ತವೆ. ಉದಾಹರಣೆಗೆ ಗ್ರಂಥಾಲಯದ ಕರ ರೂಪಾಯಿಗೆ 6 ಪೈಸೆ. ಮೂಲ ತೆರಿಗೆ 600 ರೂಪಾಯಿ ಇದ್ದರೆ ಗ್ರಂಥಾಲಯಕ್ಕೆ 36 ರೂಪಾಯಿ ಆಗುತ್ತದೆ. ಮೊತ್ತ ಹೆಚ್ಚಾಯಿತೆಂದು ಜಗಳಕ್ಕೆ ನಿಲ್ಲುವ ಮುಂಚೆ ತೆರಿಗೆ ಎಷ್ಟು, ಕರ ಎಷ್ಟು, ನೀರಿನ ದರ ಎಷ್ಟು, ಹಳೆಯ ಬಾಕಿ ಎಷ್ಟು ಎಂದು ಬಿಡಿಸಿ ಕೇಳಿರಿ. ಹನಿಗೂಡಿ ಹಳ್ಳ ಎಂಬಂತೆ ಬಾಕಿಯೂ ಬೆಳೆಯುತ್ತದೆ. ವರ್ಷಕ್ಕೊಮ್ಮೆ ಕಟ್ಟುವವನಿಗೆ ಹೊರೆಯಲ್ಲದ್ದು ಐದು ವರ್ಷ ಬಿಟ್ಟವನಿಗೆ ಹೊರೆಯಾಗುತ್ತದೆ. ಮಾಲು ಮಾರಿದ ಹಣ ಕೈಯಲ್ಲಿರುವಾಗಲೇ ಕಟ್ಟಿಬಿಡುವುದು ರೈತನಿಗೆ ಸುಲಭ.

ಪುಸ್ತಕದಲ್ಲಿ ಯಾರ ಹೆಸರಿದೆ?

ಹಣ ಕಟ್ಟುವುದಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಪಂಚಾಯಿತಿಯಲ್ಲಿ ನಿಮ್ಮ ಮನೆಯ ವಿವರದ ನಕಲು ಕೇಳಿ ಪಡೆಯಿರಿ. ನಮೂನೆ 9, ನಮೂನೆ 11 ಎಂದು ಜನ ಕರೆಯುವುದು ಇವನ್ನೇ. ಮನೆಗೆ ಬಂದು ನಾಲ್ಕು ವಿಷಯ ತಾಳೆ ನೋಡಿರಿ: ಮಾಲಿಕನ ಹೆಸರು, ಉದ್ದಗಲ, ನಾಲ್ಕು ದಿಕ್ಕಿನ ಚಕ್ಕುಬಂದಿ, ಕಟ್ಟಡದ ಬಗೆ. ಬಿದ್ದುಹೋದ ಮಾಳಿಗೆ ಮನೆ ಪುಸ್ತಕದಲ್ಲಿ ಇನ್ನೂ ನಿಂತಿರಬಹುದು. ಹೊಸದಾಗಿ ಕಟ್ಟಿದ ಕೋಣೆ ಬಿಟ್ಟುಹೋಗಿರಬಹುದು. 2020ರಲ್ಲಿ ಪ್ರಾರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಊರ ಮನೆಗಳ ಅಳತೆ ಮಾಡಿದ ಕಡೆ ಆ ಅಳತೆಯೊಂದಿಗೂ ಹೋಲಿಸಿರಿ.

ತೆರಿಗೆ ಕಟ್ಟಿದ ರಸೀದಿಯೊಂದೇ ಮನೆಯ ಹಕ್ಕನ್ನು ಕೊಡುವುದಿಲ್ಲ. ಆದರೆ ಸಾಲ, ಮಾರಾಟ, ಪಾಲು ಯಾವುದಕ್ಕೆ ಹೋದರೂ ಪಂಚಾಯಿತಿ ಪುಸ್ತಕದ ಹೆಸರನ್ನೇ ಮೊದಲು ಕೇಳುತ್ತಾರೆ. ತಂದೆ ತೀರಿಕೊಂಡು ಹತ್ತು ವರ್ಷವಾದರೂ ರಸೀದಿ ಅವರ ಹೆಸರಿಗೇ ಬರುವುದು ನಮ್ಮಲ್ಲಿ ಸರ್ವೇಸಾಮಾನ್ಯ. ಇಂದು ಅಣ್ಣತಮ್ಮಂದಿರು ಒಂದಾಗಿರುವುದರಿಂದ ಅದರ ತೊಂದರೆ ಕಾಣುವುದಿಲ್ಲ. ನಾಳೆ ಮೊಮ್ಮಕ್ಕಳ ಕಾಲಕ್ಕೆ ಪಾಲುದಾರರು ಇಪ್ಪತ್ತಾದಾಗ ಅದೇ ಮನೆ ಕೋರ್ಟಿನ ಮೆಟ್ಟಿಲು ಹತ್ತಿಸುತ್ತದೆ.

ಇದಕ್ಕೆ ಮರಣ ಪತ್ರ ಮತ್ತು ನಾಡಕಚೇರಿಯಿಂದ ವಂಶವೃಕ್ಷ ಪಡೆದು ಪಂಚಾಯಿತಿಗೆ ಅರ್ಜಿ ಕೊಡಬೇಕು. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರು ಬಿಡಬಾರದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕೆಂದು ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ತಂದ ತಿದ್ದುಪಡಿ ಹೇಳುತ್ತದೆ. ಯುಗಾದಿಗೆ ಅಕ್ಕತಂಗಿಯರು ತವರಿಗೆ ಬರುತ್ತಾರೆ. ಹೋಳಿಗೆ ಊಟವಾದ ಮೇಲೆ ಎಲ್ಲರೂ ಕೂತು ಮಾತಾಡಿಕೊಳ್ಳಲು ಅದಕ್ಕಿಂತ ಒಳ್ಳೆಯ ವೇಳೆ ಇಲ್ಲ. ಯಾವ ಅರ್ಜಿ ಕೊಟ್ಟರೂ ಸ್ವೀಕೃತಿ ಪಡೆಯಿರಿ; 2011ರ ಸಕಾಲ ಕಾಯಿದೆಗೆ ಸೇರಿದ ಸೇವೆಯಾದರೆ ಅರ್ಜಿಗೆ ನಂಬರು, ಕೆಲಸಕ್ಕೆ ಗಡುವು ಇರುತ್ತದೆ.

ಹಣವನ್ನು ಯಾರ ಕೈಗೂ ಬರಿದೇ ಕೊಡಬೇಡಿರಿ. ಮೊಬೈಲಿನಿಂದ ಕಟ್ಟಿದರೂ, ಕರ ವಸೂಲಿಗಾರರಿಗೆ ಕೊಟ್ಟರೂ ರಸೀದಿ ಪಡೆದು ವರ್ಷ, ಮನೆ ನಂಬರು, ಮೊತ್ತ ಸರಿಯಿದೆಯೇ ಎಂದು ಅಲ್ಲೇ ನೋಡಿರಿ.

ಈಗ ಕಸದ ಮಾತು

ಕಾಗದ ಬೇರೆಯಾದ ಮೇಲೆ ಉಳಿದ ಸಾಮಾನಿಗೆ ಬನ್ನಿ.

ಕ್ರಿಮಿನಾಶಕ: ಅಟ್ಟದ ಮೇಲಿನ ಹಳೆಯ ಔಷಧಿ ಡಬ್ಬಿಗಳನ್ನು ಮಕ್ಕಳಿಂದ ಇಳಿಸಬೇಡಿರಿ. ಎಂಡೋಸಲ್ಫಾನ್ 2011ರಲ್ಲಿ, ಮೀಥೈಲ್ ಪ್ಯಾರಾಥಿಯಾನ್ 2018ರಲ್ಲಿ, ಫೋರೇಟ್ 2020ರ ಕೊನೆಗೆ ನಿಷೇಧವಾಗಿವೆ. ಇಂಥವು ಸಿಕ್ಕರೆ ಬೀಗದಲ್ಲಿಟ್ಟು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿರಿ. ಹಳ್ಳಕ್ಕೆ, ಹಿನ್ನೀರಿಗೆ ಸುರಿಯಬೇಡಿರಿ, ಸುಡಬೇಡಿರಿ. ಇನ್ನು ಮೇಲೆ ಔಷಧಿ ಮುಗಿದ ಡಬ್ಬಿಯನ್ನು ಕೂಡಲೇ ಮೂರು ಸಲ ತೊಳೆದು, ತೊಳೆದ ನೀರನ್ನು ಸಿಂಪಡಿಸುವ ಪಂಪಿಗೇ ಹಾಕಿ, ಡಬ್ಬಿಗೆ ತೂತು ಮಾಡಿರಿ. ಅದರಲ್ಲಿ ಎಣ್ಣೆ, ನೀರು ತುಂಬುವುದು ಪ್ರಾಣಕ್ಕೆ ಕುತ್ತು.

ಬೀಜ: ಹೋದ ವರ್ಷದ ಶೇಂಗಾ, ಜೋಳ ಉಳಿದಿದ್ದರೆ ಎಸೆಯುವ ಮುಂಚೆ 100 ಕಾಳನ್ನು ಹಸಿ ಗೋಣಿತಟ್ಟಿನಲ್ಲಿ ಸುತ್ತಿಡಿರಿ. ವಾರ ಹತ್ತು ದಿನದಲ್ಲಿ ಶೇಂಗಾ 70, ಜೋಳ 75 ಮೊಳೆತರೆ ಬಿತ್ತನೆಗೆ ಯೋಗ್ಯ. ಔಷಧಿ ಸವರಿದ ಬೀಜ ದನಕ್ಕೂ ಕೋಳಿಗೂ ಬೇಡ.

ಟೈರು, ಒಡೆದ ಕೊಡ, ಡ್ರಮ್ಮು: ಇವುಗಳಲ್ಲಿ ನಿಂತ ನೀರಿನಲ್ಲಿ ಡೆಂಗೀ ಸೊಳ್ಳೆ ಬೆಳೆಯುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ ಹತ್ತು ದಿನ ಸಾಕು. ಮುಂಗಾರಿಗೆ ಮುಂಚೆ ಗುಜರಿಗೆ ಕೊಡಿರಿ.

ಹಳೆಯ ಗೋಣಿಚೀಲ: ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಕೊಡವಿ ಮಡಚಿಡಿರಿ. ಸಂದುಗಳಲ್ಲಿ ಅಡಗಿದ ಹುಳು ಹೊಸ ಕಾಳಿಗೂ ಹತ್ತುತ್ತದೆ. ರಾಶಿ ಹಾಕಿದ ಕಡೆ ಇಲಿ ಸೇರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ.

ಕೊಳೆಯುವ ಕಸವೆಲ್ಲ ತಿಪ್ಪೆಗುಂಡಿಗೆ, ಪ್ಲಾಸ್ಟಿಕ್ಕು ಪಂಚಾಯಿತಿಯ ಕಸದ ಗಾಡಿಗೆ ಸೇರಲಿ.

ಬಾಂಧವರೇ, ಈ ಕೆಲಸಕ್ಕೆಲ್ಲ ಬೇಕಾದದ್ದು ಎರಡು ದಿನದ ಶ್ರಮ ಮತ್ತು ಪಂಚಾಯಿತಿಗೆ ಒಂದು ಸಲದ ನಡಿಗೆ. ಬೇವು ಬೆಲ್ಲ ತಿನ್ನುವ ಹೊತ್ತಿಗೆ ಈ ವರ್ಷದ ರಸೀದಿ ಪೆಟ್ಟಿಗೆಯ ಮೊದಲ ಕಟ್ಟಿನಲ್ಲಿರಲಿ. ಆ ಕಟ್ಟು ಎಲ್ಲಿದೆಯೆಂದು ಮನೆಯ ಹೆಂಗಸರಿಗೂ ಬೆಳೆದ ಮಕ್ಕಳಿಗೂ ತಿಳಿದಿರಲಿ.